ಬಾಳೆಹಣ್ಣು ಕೊನೆಗೆ ಬರಲಿ

ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ 22 ವರ್ಷ ರೋಗಿಗಳಿಗೆ ಹಣ್ಣು ಹೆಚ್ಚಿಕೊಟ್ಟವಳು ನಾನು. ಕಳೆದ ಸಂಚಿಕೆಯಲ್ಲಿ ಯಾವುದೋ ಮಾತಿಗೆ "ಫ್ರೂಟ್ ಸಲಾಡ್ ಮಾಡೋದು ಸುಲಭ, ಕೆಡಿಸೋದು ಇನ್ನೂ ಸುಲಭ" ಎಂದು ಬರೆದಿದ್ದೆ. ಅದಕ್ಕೇ ಕಾದು ಕುಳಿತಿದ್ದ ಹಾಗೆ ಪತ್ರಗಳು ಬಂದವು. ಹೆಚ್ಚಿನವರು ಕೆಡಿಸಿಕೊಂಡವರೇ. ಈ ಸಲದ ಪುಟ ಪೂರ್ತಿ ಅವರಿಗೇ.

ಪ್ರಶ್ನೆ: ಮೇಡಂ, ಅನಾನಸ್, ಪಪ್ಪಾಯ, ಮಾವು, ಬಾಳೆ ಎಲ್ಲ ಬೆಳಗ್ಗೆಯೇ ಹೆಚ್ಚಿ, ಮೇಲೆ ಎರಡು ಚಮಚ ಸಕ್ಕರೆ ಉದುರಿಸಿ ಇಡುತ್ತೇನೆ. ಮಧ್ಯಾಹ್ನ ಮುಚ್ಚಳ ತೆಗೆದರೆ ಕಂದು ನೀರಿನಲ್ಲಿ ಹೋಳುಗಳು ತೇಲುತ್ತಿರುತ್ತವೆ. ಮಕ್ಕಳು ಮೂಸಿ ನೋಡಿ ಎದ್ದು ಹೋಗುತ್ತಾರೆ. ಏನು ತಪ್ಪು ಮಾಡುತ್ತಿದ್ದೇನೆ?
— ಇಬ್ಬರು ಮಕ್ಕಳ ತಾಯಿ

ಉತ್ತರ: ನೀರಿಗೆ ಕಾರಣ ಸಕ್ಕರೆ, ಕಂದು ಬಣ್ಣಕ್ಕೆ ಕಾರಣ ಬಾಳೆ. ಮಕ್ಕಳದೇನೂ ತಪ್ಪಿಲ್ಲ.

ಉಪ್ಪಿನಕಾಯಿಗೆ ಹೋಳು ಹೆಚ್ಚಿ ಉಪ್ಪು ಹಾಕಿಟ್ಟರೆ ನೀರು ಬಿಡುತ್ತದಲ್ಲ, ಸಕ್ಕರೆಯೂ ಅದನ್ನೇ ಮಾಡುತ್ತದೆ. ಹೋಳಿನ ಒಳಗಿನ ರಸವನ್ನು ಹೊರಗೆ ಎಳೆಯುತ್ತದೆ. ಹಣ್ಣು ಮೆತ್ತಗಾಗಿ ಕುಸಿಯುತ್ತದೆ. ಹಣ್ಣಾದ ಹಣ್ಣಿಗೆ ಸಕ್ಕರೆ ಬೇಕಿಲ್ಲ. ಬೇಕು ಅನ್ನಿಸಿದರೆ ಆ ಹಣ್ಣು ಇನ್ನೂ ಎರಡು ದಿನ ಕಾಯಬೇಕಿತ್ತು ಎಂದರ್ಥ.

ಕಂದು ಬಣ್ಣದ ಕಥೆ ಬೇರೆ. ಚಾಕು ತಾಗಿದಾಗ ಹಣ್ಣಿನ ಒಳಗೆ ಬೇರೆ ಬೇರೆ ಇದ್ದ ಕಿಣ್ವವೂ ಇತರ ಪದಾರ್ಥಗಳೂ ಒಂದಕ್ಕೊಂದು ಬೆರೆಯುತ್ತವೆ. ಗಾಳಿ ಸೇರಿತೋ, ಬಣ್ಣ ತಿರುಗಿತು. ಬಾಳೆಯಲ್ಲಿ ಇದು ಬಹಳ ಬೇಗ. ಹುಳಿ ಇದ್ದರೆ ಆ ಕಿಣ್ವದ ಆಟ ನಿಧಾನ. ಅದಕ್ಕೇ ನಿಂಬೆರಸ. ನಾಲ್ಕು ಜನರ ಬಟ್ಟಲಿಗೆ ಎರಡು ಟೀ ಚಮಚ ಸಾಕು. ಜಾಸ್ತಿ ಹಾಕಿದರೆ ಎಲ್ಲ ಹಣ್ಣೂ ನಿಂಬೆಯ ಹಾಗೇ ರುಚಿಸುತ್ತದೆ.

ಇನ್ನು ಸರದಿ. ನನ್ನ ಪ್ರಕಾರ ಸಲಾಡ್ ಅಂದರೆ ಸರದಿಯೇ, ಉಳಿದದ್ದೆಲ್ಲ ಹೆಚ್ಚುವ ಕೆಲಸ. ಮೊದಲು ಅನಾನಸ್. ಹೆಚ್ಚಿ ಹತ್ತು ನಿಮಿಷ ಜರಡಿ ಪಾತ್ರೆಯಲ್ಲಿ ಬಿಡಿ, ಕೆಳಗೆ ಇಳಿದ ರಸವನ್ನು ಹೆಚ್ಚಿದವರು ಕುಡಿಯಲಿ, ಅದು ಕೂಲಿ. ಆಮೇಲೆ ಸೀಬೆ, ದಾಳಿಂಬೆಯಂಥ ಗಟ್ಟಿ ಸರಕು. ಇಷ್ಟಕ್ಕೆ ನಿಂಬೆರಸ ಹಾಕಿ ಕಲಸಿ, ಮುಚ್ಚಿ ಫ್ರಿಜ್‌ನಲ್ಲಿಡಿ. ಇದು ಎರಡು ಮೂರು ಗಂಟೆ ಹಾಗೇ ಇರುತ್ತದೆ. ಪಪ್ಪಾಯ, ಮಾವು ಬಡಿಸುವ ಅರ್ಧ ಗಂಟೆ ಮುಂಚೆ. ಬಾಳೆಹಣ್ಣು? ಎಲ್ಲರೂ ಬಂದು ಕೂತ ಮೇಲೆ ಸಿಪ್ಪೆ ಸುಲಿಯಿರಿ.

ಹೋಳು ಹೆಬ್ಬೆರಳಿನ ತುದಿಯಷ್ಟಿರಲಿ, ಸುಮಾರು 2 ಸೆಂಟಿಮೀಟರ್. ಸಣ್ಣಗೆ ಹೆಚ್ಚಿದಷ್ಟೂ ಕೊಯ್ದ ಮೈ ಜಾಸ್ತಿ, ರಸ ಸೋರುವುದೂ ಜಾಸ್ತಿ. ಮೊಂಡು ಚಾಕು ಹಣ್ಣನ್ನು ಕೊಯ್ಯುವುದಿಲ್ಲ, ಜಜ್ಜುತ್ತದೆ. ಕಲಸುವಾಗ ಸೌಟು ತಿರುಗಿಸಬೇಡಿ. ಕೈಯನ್ನು ಚೆನ್ನಾಗಿ ತೊಳೆದು ಅಡಿಯಿಂದ ಮೇಲಕ್ಕೆ ಎರಡು ಸಲ ಎತ್ತಿ ಬಿಡಿ, ಸಾಕು.

ಪ್ರಶ್ನೆ: ಅನಾನಸ್ ತಿಂದರೆ ನಾಲಿಗೆ ಉರಿಯುತ್ತದೆ, ತುಟಿ ಚುರುಚುರು ಎನ್ನುತ್ತದೆ. ಅದರಲ್ಲಿ ಏನಾದರೂ ವಿಷವಿದೆಯೇ? ಹೆಚ್ಚುವುದೂ ಒಂದು ಯುದ್ಧ. ಅರ್ಧ ಹಣ್ಣು ಸಿಪ್ಪೆಯ ಜೊತೆಗೇ ಹೋಗುತ್ತದೆ.
— ಮೊದಲ ಬಾರಿ ಅಡುಗೆಮನೆಗೆ ಇಳಿದ ಅಪ್ಪ

ಉತ್ತರ: ವಿಷವಿಲ್ಲ. ಅನಾನಸ್‌ನಲ್ಲಿ ಬ್ರೊಮೆಲೈನ್ ಎಂಬ ಕಿಣ್ವವಿದೆ. ಪ್ರೋಟೀನನ್ನು ಒಡೆಯುವುದು ಅದರ ಕೆಲಸ. ನಿಮ್ಮ ನಾಲಿಗೆಯ ಮೇಲ್ಪದರದಲ್ಲೂ ಪ್ರೋಟೀನ್ ಇದೆ. ಜೊತೆಗೆ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳೂ ಇವೆ. ನೀವು ಅನಾನಸ್ ತಿನ್ನುವಾಗ ಅನಾನಸ್ ನಿಮ್ಮನ್ನು ಸ್ವಲ್ಪ ತಿನ್ನುತ್ತದೆ ಅನ್ನಿ. ಬಾಯಿಯ ಚರ್ಮ ಬೇಗ ಬೆಳೆಯುವುದರಿಂದ ಉರಿ ತಾನಾಗಿಯೇ ಹೋಗುತ್ತದೆ. ಆದರೆ ತುಟಿ ಊದಿಕೊಂಡರೆ, ಮೈಯಲ್ಲಿ ದದ್ದು ಎದ್ದರೆ, ಉಸಿರಾಡಲು ಕಷ್ಟವಾದರೆ ಅದು ಅಲರ್ಜಿ. ಅನಾನಸ್ ಬಿಡಿ, ಡಾಕ್ಟರನ್ನು ಕಾಣಿ.

ನಡುವಿನ ದಿಂಡು ತೆಗೆದುಬಿಡಿ, ಬ್ರೊಮೆಲೈನ್ ಅಲ್ಲಿ ಜಾಸ್ತಿ. ಹೋಳುಗಳನ್ನು ತೆಳು ಉಪ್ಪುನೀರಿನಲ್ಲಿ ಹತ್ತು ನಿಮಿಷ ಇಟ್ಟು ಬಸಿದರೆ ಹಲವರಿಗೆ ಉರಿ ಕಡಿಮೆಯಾಗುತ್ತದೆ, ಸಿಹಿಯೂ ಎದ್ದು ಕಾಣುತ್ತದೆ. ಅಷ್ಟಕ್ಕೂ ಬಗ್ಗದಿದ್ದರೆ ಬಿಸಿ ಕಾವಲಿಯ ಮೇಲೆ ಎರಡೂ ಮಗ್ಗುಲು ಬಾಡಿಸಿ, ಆರಿಸಿ ಹಾಕಿ. ಚೆನ್ನಾಗಿ ಬಿಸಿಯಾದರೆ ಕಿಣ್ವ ಸಾಯುತ್ತದೆ.

ಹೆಚ್ಚುವುದು ಹೀಗೆ. ತಲೆ, ಬುಡ ಎರಡೂ ಕೊಯ್ದು ಹಣ್ಣನ್ನು ನೆಟ್ಟಗೆ ನಿಲ್ಲಿಸಿ. ಮೇಲಿನಿಂದ ಕೆಳಕ್ಕೆ ಸಿಪ್ಪೆಯನ್ನು ತೆಳ್ಳಗೆ ತೆಗೆಯಿರಿ. ಕಣ್ಣುಗಳು ಉಳಿದುಕೊಳ್ಳುತ್ತವೆ, ಉಳಿಯಲಿ. ಅವನ್ನೂ ಸಿಪ್ಪೆಯ ಜೊತೆಗೇ ಕಳೆಯಲು ಹೋಗುತ್ತೀರಿ, ಅದಕ್ಕೇ ಅರ್ಧ ಹಣ್ಣು ಹೋಗುವುದು. ಈಗ ಹಣ್ಣನ್ನು ನಿಧಾನವಾಗಿ ತಿರುಗಿಸಿ ನೋಡಿ. ಕಣ್ಣುಗಳು ಓರೆ ಸಾಲಿನಲ್ಲಿ, ಸುತ್ತು ಮೆಟ್ಟಿಲಿನ ಹಾಗೆ ಇಳಿದು ಬರುತ್ತವೆ. ಆ ಸಾಲಿನ ಎರಡೂ ಪಕ್ಕ ಓರೆಯಾಗಿ ಗೀರಿದರೆ ಒಂದಿಡೀ ಸಾಲು ಕಣ್ಣು ನಾರಿನ ಹಾಗೆ ಎದ್ದು ಬರುತ್ತದೆ. ನಾನು ಇದನ್ನು ಕಲಿಯಲು ಮೂರು ಹಣ್ಣು ಹಾಳು ಮಾಡಿದೆ. ನಿಮಗೂ ಅಷ್ಟು ಸಾಲ ಕೊಡುತ್ತೇನೆ.

ಇನ್ನೊಂದು ಗುಟ್ಟು. ಅನಾನಸ್ ಬುಡದ ಕಡೆಯಿಂದ ಹಣ್ಣಾಗುತ್ತಾ ಬರುತ್ತದೆ. ಹಾಗಾಗಿ ಬುಡ ಸಿಹಿ, ತಲೆ ಹುಳಿ. ಬಿಲ್ಲೆಬಿಲ್ಲೆಯಾಗಿ ಕೊಯ್ದರೆ ಒಬ್ಬರಿಗೆ ಸಿಹಿ, ಇನ್ನೊಬ್ಬರಿಗೆ ಹುಳಿ. ಉದ್ದಕ್ಕೆ ನಾಲ್ಕು ಭಾಗ ಮಾಡಿ, ಜಗಳ ತಪ್ಪುತ್ತದೆ. ಕೊಳ್ಳುವಾಗಲೂ ಬುಡವನ್ನೇ ಮೂಸಿ. ವಾಸನೆ ಇಲ್ಲದ್ದನ್ನು ತಂದು "ಮನೆಯಲ್ಲಿ ಹಣ್ಣಾಗಲಿ" ಎಂದು ಕಾಯಬೇಡಿ. ಗಿಡದಿಂದ ಕೊಯ್ದ ಮೇಲೆ ಅನಾನಸ್ ಮೆತ್ತಗಾಗಬಹುದು, ಹಳದಿಯಾಗಬಹುದು, ಸಿಹಿಯಂತೂ ಹೆಚ್ಚುವುದಿಲ್ಲ.

ಪ್ರಶ್ನೆ: ಆರೋಗ್ಯಕ್ಕೆ ಒಳ್ಳೆಯದೆಂದು ಕೆನೆಯ ಬದಲು ಮೊಸರು ಹಾಕಿ ಪಪ್ಪಾಯ ಸಲಾಡ್ ಮಾಡಿ ರಾತ್ರಿ ಇಟ್ಟೆ. ಬೆಳಗ್ಗೆ ಕಹಿ! ಮೊಸರು ಕೆಟ್ಟಿತ್ತೇ, ಹಣ್ಣು ಕೆಟ್ಟಿತ್ತೇ?
— ಗೃಹಿಣಿ, 34

ಉತ್ತರ: ಎರಡೂ ಕೆಟ್ಟಿರಲಿಲ್ಲ. ನೀವು ನನ್ನ ಹಳೆಯ ಗಾಯವನ್ನು ಕೆದಕಿದಿರಿ.

ಕೆಲಸಕ್ಕೆ ಸೇರಿದ ಹೊಸತು. ಮರುದಿನ ಬೆಳಗ್ಗೆ 60 ಬಟ್ಟಲು ಹಣ್ಣು ಬೇಕಿತ್ತು. ಬುದ್ಧಿವಂತೆ ನಾನು, ರಾತ್ರಿಯೇ ಪಪ್ಪಾಯ ಹೆಚ್ಚಿ ಗಟ್ಟಿ ಮೊಸರಿನಲ್ಲಿ ಕಲಸಿ ಸಾಲಾಗಿ ಜೋಡಿಸಿ ಮನೆಗೆ ಹೋದೆ. ಬೆಳಗ್ಗೆ ಮೊದಲ ಬಟ್ಟಲು ತಿಂದ ಅಜ್ಜಿ ಏನೂ ಬೈಯಲಿಲ್ಲ. ಚಮಚವನ್ನು ಮೆಲ್ಲಗೆ ಕೆಳಗಿಟ್ಟು, "ಇದರಲ್ಲಿ ಔಷಧಿ ಬೆರೆಸಿದ್ದೀಯಾ ಮಗಾ?" ಎಂದು ಕೇಳಿದರು. ಅರವತ್ತೂ ಬಟ್ಟಲು ಚೆಲ್ಲಿದೆ. ಅವತ್ತು ಎಲ್ಲರಿಗೂ ಒಂದೊಂದು ಬಾಳೆಹಣ್ಣು ಹೋಯಿತು, ಸಿಪ್ಪೆ ಸಮೇತ.

ಪಪ್ಪಾಯದಲ್ಲಿರುವುದು ಪಪೈನ್, ಬ್ರೊಮೆಲೈನಿನ ದಾಯಾದಿ. ಕಿವಿ ಹಣ್ಣಿನಲ್ಲೂ ಇಂಥದ್ದೇ ಒಂದಿದೆ. ಇವು ಮೊಸರಿನ ಪ್ರೋಟೀನನ್ನು ತುಂಡು ತುಂಡು ಮಾಡುತ್ತವೆ, ಆ ತುಂಡುಗಳಲ್ಲಿ ಕೆಲವು ಕಹಿ. ಹೊತ್ತು ಕಳೆದಷ್ಟೂ ಕಹಿ ಏರುತ್ತದೆ. ಹಾಗಾಗಿ ಈ ಮೂರು ಹಣ್ಣುಗಳಿಗೆ ಮೊಸರನ್ನು ತಿನ್ನುವ ಹೊತ್ತಿಗೆ ಮೇಲೆ ಸುರಿಯಿರಿ. ಸ್ವಲ್ಪ ಹೊತ್ತು ಇಡಲೇಬೇಕು ಎಂದಾದರೆ ಮೊಸರಿಗೆ ಮಾವು, ಸಪೋಟ, ದಾಳಿಂಬೆ ವಾಸಿ.

ಜೆಲ್ಲಿ ಹೆಪ್ಪುಗಟ್ಟಲಿಲ್ಲ ಎಂದು ಬರೆದಿದ್ದ ಇನ್ನೊಬ್ಬರಿಗೂ ಇದೇ ಉತ್ತರ. ಜೆಲಟಿನ್ ಕೂಡ ಪ್ರೋಟೀನೇ. ಹಸಿ ಅನಾನಸ್ ಹಾಕಿದರೆ ಅದು ಬೆಳಗಾದರೂ ನೀರೇ. ಡಬ್ಬಿಯ ಅನಾನಸ್ ಬಿಸಿ ಕಂಡಿರುವುದರಿಂದ ತೊಂದರೆಯಿಲ್ಲ. ಇಲ್ಲವೇ ಅಗರ್ ಬಳಸಿ. ಅದು ಕಡಲ ಪಾಚಿಯದು, ಪ್ರೋಟೀನಲ್ಲ.

ಪ್ರಶ್ನೆ: ಗಟ್ಟಿ ಮಾವಿನಹಣ್ಣು ಕೆಡದಿರಲಿ ಎಂದು ತಂದ ಕೂಡಲೇ ಫ್ರಿಜ್‌ಗೆ ಹಾಕಿದೆ. ಒಂದು ವಾರವಾದರೂ ಹಾಗೇ ಇದೆ, ಮೈಮೇಲೆ ಕಲೆ ಬೇರೆ.
— ನಿವೃತ್ತ ನೌಕರರು

ಉತ್ತರ: ಸರ್, ಅದಕ್ಕೆ ಚಳಿ ಹಿಡಿದಿದೆ. ಬಿಸಿಲು ಸೀಮೆಯ ಹಣ್ಣುಗಳಿಗೆ ಫ್ರಿಜ್‌ನ ತಂಪು ಪೆಟ್ಟಿನ ಹಾಗೆ. ಮಾವು, ಪಪ್ಪಾಯ, ಬಾಳೆ ಮೂರೂ ಹೊರಗೆ ಹಣ್ಣಾಗಬೇಕು. ಪೂರ್ತಿ ಹಣ್ಣಾದ ಮೇಲೆ ಒಂದೆರಡು ದಿನ ಫ್ರಿಜ್‌ನಲ್ಲಿದ್ದರೆ ಅಡ್ಡಿಯಿಲ್ಲ. ಬೇಗ ಬೇಕಿದ್ದರೆ ಕಾಗದದ ಚೀಲದಲ್ಲಿ ಒಂದು ಹಣ್ಣಾದ ಬಾಳೆಯ ಜೊತೆ ಸುತ್ತಿಡಿ. ಬಾಳೆ ಬಿಡುವ ಎಥಿಲೀನ್ ಅನಿಲ ಮಾವನ್ನೂ ಹಣ್ಣು ಮಾಡುತ್ತದೆ.

ಹೆಚ್ಚುವ ಮೊದಲು ತೊಟ್ಟಿನ ಸುತ್ತ ಚೆನ್ನಾಗಿ ತೊಳೆಯಿರಿ. ಅಲ್ಲಿಯ ಸೊನೆ ತಾಗಿದರೆ ಕೆಲವರಿಗೆ ತುಟಿಯ ಪಕ್ಕ ಸುಟ್ಟ ಹಾಗೆ ಕಪ್ಪಾಗುತ್ತದೆ. ಮಾವು ಗೇರಿನ ಕುಟುಂಬದ್ದು, ಗೇರುಸೊನೆ ಗೊತ್ತಲ್ಲ. ವಾಟೆ ಚಪ್ಪಟೆ ಇರುತ್ತದೆ, ಅದರ ಎರಡು ಅಗಲದ ಪಕ್ಕಗಳಲ್ಲಿ ಚಾಕು ಇಳಿಸಿ. ಕೆನ್ನೆಗಳಂಥ ಎರಡು ಹೋಳು ಬರುತ್ತವೆ. ಸಿಪ್ಪೆ ಕೊಯ್ಯದೆ ತಿರುಳಿನ ಮೇಲೆ ಚೌಕಳಿ ಗೀರಿ, ಹಿಂದಿನಿಂದ ಒತ್ತಿ ಚಮಚದಿಂದ ಎಬ್ಬಿಸಿ. ಸುಲಿದ ಮಾವು ಸಾಬೂನಿನ ಹಾಗೆ ಜಾರುತ್ತದೆ. ಬೆರಳು ಕೊಯ್ದುಕೊಂಡವರಲ್ಲಿ ಮುಕ್ಕಾಲು ಜನ ಸುಲಿದು ಆಮೇಲೆ ಕೊಯ್ಯಲು ಹೋದವರು, ನಾನು ನೋಡಿದ ಮಟ್ಟಿಗೆ. ವಾಟೆ ಚೀಪುವ ಹಕ್ಕು ಯಾರದು ಎಂಬುದನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಿ.

ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆ. ಹಣ್ಣಿನ ಸಲಾಡ್ ಆರೋಗ್ಯಕರ ಎನ್ನುತ್ತೀರಿ, ಆದರೆ ಎಲ್ಲ ಸಿಹಿ ಹಣ್ಣೇ ಅಲ್ವಾ?
— 58ರ ಓದುಗರು

ಉತ್ತರ: ನಿಮ್ಮ ಅಳತೆ ನಿಮ್ಮ ಡಾಕ್ಟರು ಹೇಳಬೇಕು. ಬಟ್ಟಲಲ್ಲಿ ಏನಿದೆ ಎಂಬುದನ್ನು ನಾನು ಹೇಳುತ್ತೇನೆ. ಪ್ರತಿ 100 ಗ್ರಾಂಗೆ ಕಲ್ಲಂಗಡಿಯಲ್ಲಿ ಸುಮಾರು 6 ಗ್ರಾಂ ಸಕ್ಕರೆ, ಪಪ್ಪಾಯದಲ್ಲಿ 8, ಸೀಬೆಯಲ್ಲಿ 9, ಅನಾನಸ್‌ನಲ್ಲಿ 10, ಬಾಳೆಯಲ್ಲಿ 12, ಮಾವಿನಲ್ಲಿ 14. ತಳಿ, ಹಣ್ಣಾದ ಹದ ನೋಡಿ ಹೆಚ್ಚುಕಡಿಮೆ. ಇವುಗಳಲ್ಲಿ ನನ್ನ ಓಟು ಸೀಬೆಗೆ. 100 ಗ್ರಾಂನಲ್ಲಿ 5 ಗ್ರಾಂ ನಾರು, 200 ಮಿಲಿಗ್ರಾಂಗೂ ಹೆಚ್ಚು ಸಿ ವಿಟಮಿನ್. ಕಿತ್ತಳೆಯಲ್ಲಿ ಇದರ ಕಾಲು ಭಾಗ. ಸಿಪ್ಪೆ ಸಮೇತ ಹೆಚ್ಚಿ. ಹಣ್ಣನ್ನು ರಸ ಮಾಡಿ ಸೋಸಿದರೆ ನಾರು ಜರಡಿಯಲ್ಲೇ ಉಳಿಯುತ್ತದೆ, ಸಕ್ಕರೆ ಲೋಟಕ್ಕೆ ಬರುತ್ತದೆ. ಅಗಿದೇ ತಿನ್ನಿ. ಮೇಲೆ ಮಂದಗೊಳಿಸಿದ ಹಾಲು, ಐಸ್‌ಕ್ರೀಂ ಬಿದ್ದರೆ ಅದು ಸಲಾಡಲ್ಲ, ಸಿಹಿತಿಂಡಿ. ನಾಲ್ಕು ಬಾದಾಮಿ ಚೂರು ಹಾಕಿ. ಮಾವು, ಪಪ್ಪಾಯದ ಹಳದಿ ಬಣ್ಣದ ಕ್ಯಾರೊಟಿನ್ ಮೈಗೆ ಹತ್ತಲು ಸ್ವಲ್ಪ ಕೊಬ್ಬು ಬೇಕು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಸ್ಟಾರ್ ಫ್ರೂಟ್ ಬೇಡವೇ ಬೇಡ. ಅಡ್ಡ ಕೊಯ್ದರೆ ನಕ್ಷತ್ರದ ಹಾಗೆ ಕಾಣುತ್ತದಲ್ಲ, ಅಲಂಕಾರಕ್ಕೆಂದು ಇಡುತ್ತಾರಲ್ಲ, ಅದು. ಅದರಲ್ಲಿ ನರಗಳಿಗೆ ತಾಗುವ ವಿಷಾಂಶವಿದೆ. ಆರೋಗ್ಯವಂತರ ಮೂತ್ರಪಿಂಡ ಅದನ್ನು ಹೊರಹಾಕುತ್ತದೆ. ಕೆಟ್ಟ ಮೂತ್ರಪಿಂಡದವರಿಗೆ ನಿಲ್ಲದ ಬಿಕ್ಕಳಿಕೆ, ಗೊಂದಲ, ಫಿಟ್ಸ್, ಪ್ರಾಣಕ್ಕೂ ಅಪಾಯ. ಅಲಂಕಾರಕ್ಕೂ ಬೇಡ.

ಪ್ರಶ್ನೆ: ಹಾಸ್ಟೆಲ್ ಕೋಣೆಯಲ್ಲಿ ಒಂದು ಚಾಕು, ಒಂದು ಡಬ್ಬಿ ಇದೆ. ಫ್ರಿಜ್ ಇಲ್ಲ. ತೊಳೆಯುವುದು ಹೇಗೆ, ಎಷ್ಟು ಹೊತ್ತು ಇಡಬಹುದು?
— ವಿದ್ಯಾರ್ಥಿ

ಉತ್ತರ: ತಮ್ಮಾ, ಹೆಚ್ಚುವ ಮೊದಲು ತೊಳಿ. ಸಿಪ್ಪೆ ತಿನ್ನದ ಹಣ್ಣನ್ನೂ ತೊಳಿ, ಕಲ್ಲಂಗಡಿಯನ್ನೂ. ಇಲ್ಲದಿದ್ದರೆ ಹೊರಗಿನ ಕೊಳೆಯನ್ನು ಚಾಕುವೇ ಒಳಗೆ ಒಯ್ಯುತ್ತದೆ. ಹರಿಯುವ ನೀರು, ಕೈಯಲ್ಲಿ ಉಜ್ಜು, ಸಾಬೂನು ಬೇಡ. ಹೆಚ್ಚಿದ ಹಣ್ಣು ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು, ಸೆಕೆ ಇದ್ದರೆ ಇನ್ನೂ ಕಡಿಮೆ. ಹಾಗಾಗಿ ನಿನ್ನ ಲೆಕ್ಕ ಸುಲಭ: ಒಂದು ಹೊತ್ತಿಗೆ ಬೇಕಾದಷ್ಟೇ ಹೆಚ್ಚು, ತಿನ್ನು, ಡಬ್ಬಿ ತೊಳಿ. ಆ ಚಾಕುವಿನಲ್ಲಿ ಈರುಳ್ಳಿ ಕೊಯ್ದಿದ್ದರೆ ಮೊದಲು ಅದನ್ನು ಚೆನ್ನಾಗಿ ಉಜ್ಜು.

ಪ್ರಶ್ನೆ: ನಿನ್ನೆ ಕೆಂಪು ಡ್ರ್ಯಾಗನ್ ಹಣ್ಣಿನ ಸಲಾಡ್ ತಿಂದೆವು. ಇವತ್ತು ಮನೆಮಂದಿಗೆಲ್ಲ ಮೂತ್ರ ಗುಲಾಬಿ ಬಣ್ಣ! ನಾಚಿಕೆಯಿಂದ ಯಾರನ್ನೂ ಕೇಳಿಲ್ಲ.
— ಹೆಸರು ಬೇಡ

ಉತ್ತರ: ಹೆದರಬೇಡಿ, ಬಣ್ಣ ಹಣ್ಣಿನದು. ಬೀಟ್‌ರೂಟ್‌ನಲ್ಲಿರುವ ಕೆಂಪಿನ ಜಾತಿಯದೇ. ಒಂದೆರಡು ದಿನದಲ್ಲಿ ಹೋಗುತ್ತದೆ. ಹಣ್ಣು ಬಿಟ್ಟ ಮೇಲೂ ಹಾಗೇ ಇದ್ದರೆ ಮಾತ್ರ ನಾಚಿಕೆ ಬಿಟ್ಟು ತೋರಿಸಿ. ಅಂದಹಾಗೆ, ಅದು ಬಟ್ಟಲಲ್ಲೂ ಹಾಗೇ, ಪಕ್ಕದ ಹೋಳಿಗೆಲ್ಲ ಬಣ್ಣ ಬಳಿಯುತ್ತದೆ. ಬಾಳೆಗಿಂತಲೂ ಕೊನೆಗೆ ಹಾಕಬೇಕಾದ ಹಣ್ಣು ನಾನು ಕಂಡಂತೆ ಇದೊಂದೇ.