ಗೋಳಗುಮ್ಮಟದಲ್ಲಿ ಝೆನಿತ್ಸು ಅತ್ತರೆ

ವಿಜಯಪುರದಲ್ಲಿ ಬಿ.ಎಸ್‌ಸಿ. ಎರಡನೇ ವರ್ಷ ಓದುತ್ತಿರುವ ಓದುಗಿಯೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದಲ್ಲಿ ಬರುವ ಇಟಾಚಿ, ಝೆನಿತ್ಸು, ಶಿಂಜಿ, ಸಕುರಾ ಎಲ್ಲ ಅನಿಮೆ, ಅಂದರೆ ಜಪಾನಿನ ಕಾರ್ಟೂನು ಕಥೆಗಳ ಪಾತ್ರಗಳು. ಪತ್ರದ ಮುಖ್ಯ ಭಾಗ ಇಷ್ಟು:

“ಅಕ್ಕಾರೆ, ಕಳೆದ ಸಂಚಿಕೆಯಲ್ಲಿ ಅನಿಮೆ ನೋಡುವ ಹುಡುಗರ ಬಗ್ಗೆ ಅರ್ಧ ಪುಟದ ಬರಹ ಹಾಕಿದ್ದಿರಿ. ಈಗಿನ ಮಕ್ಕಳು ಕೊಲೆಗಾರನಿಗಾಗಿ ಅಳುತ್ತಾರೆ, ಅಂಜುಬುರುಕನನ್ನು ಶೂರ ಅನ್ನುತ್ತಾರೆ ಅಂತ ಅದರಲ್ಲಿತ್ತು. ನಮ್ಮಪ್ಪ ಊಟಕ್ಕೆ ಕೂತಾಗ ಅದನ್ನು ಗಟ್ಟಿಯಾಗಿ ಓದಿ ನಕ್ಕರು. ‘ವಕೀಲಕಿ ಕಲಿ, ನಿನ್ನ ಇಟಾಚಿ ಕೇಸು ಹಿಡಿ’ ಅಂದರು. ನಾವು ಗೆಳತಿಯರೂ ಈ ಪಾತ್ರಗಳನ್ನು ಗೇಲಿ ಮಾಡುತ್ತೇವೆ. ಝೆನಿತ್ಸುನನ್ನು ಗೋಳಗುಮ್ಮಟಕ್ಕೆ ಕರೆದುಕೊಂಡು ಹೋದರೆ ಅವನ ಅಳು ಏಳು ಸಲ ಕೇಳಬೇಕಾಗುತ್ತದೆ ಅಂತೀವಿ. ಬಸ್ ಸ್ಟ್ಯಾಂಡಿನ ಕಂಡಕ್ಟರ್ ಧಾಟಿಯಲ್ಲಿ ‘ಶಿಂಜಿ, ಹತ್ರೀ ಹತ್ರೀ, ರೋಬೋ ಬಿಡ್ತೈತಿ’ ಅಂತ ಕೂಗ್ತೀವಿ. ಸಕುರಾ ಅಂತೂ ನಮಗ್ಯಾರಿಗೂ ಸೇರೋದಿಲ್ಲ, ಅವಳು ಇದ್ದೂ ಇಲ್ಲದ ಹಾಗೆ. ಆದರೆ ಹೊರಗಿನವರು ನಕ್ಕರೆ ಯಾಕೆ ಇಷ್ಟು ಸಂಕಟ ಆಗುತ್ತದೆ? ನಾವು ಮಾಡೋದು ತಪ್ಪಾ?”

ತಂಗಿ,

ನಿಮ್ಮ ಪತ್ರ ಬಂದು ಮೂರು ವಾರ ಆಯಿತು. ನೀವು ಹೆಸರಿಸಿದ ಕಥೆಗಳನ್ನು ಇನ್ನೊಮ್ಮೆ ನೋಡಿಯೇ ಬರೆಯಬೇಕು ಅನ್ನಿಸಿತು. ಅದಕ್ಕೇ ತಡ.

ಆ ಬರಹವನ್ನು ಅಚ್ಚಿಗೆ ಕಳಿಸಿದ್ದು ನಾನು. ಈಗ ಮತ್ತೆ ಓದಿದೆ. ಅದರಲ್ಲಿ ಒಂದು ಪಾತ್ರದ ಹೆಸರೂ ಇಲ್ಲ. ಕೊಲೆಗಾರ ಯಾರು, ಅಂಜುಬುರುಕ ಯಾರು, ಯಾವ ಕಥೆ, ಒಂದೂ ಇಲ್ಲ. ಹಾಗೆ ಹೆಸರು ಹೇಳದೆ ದೂರಿದ ಬರಹವನ್ನು ನಾನು ವಾಪಸು ಕಳಿಸಬೇಕಿತ್ತು. ಕಳಿಸಲಿಲ್ಲ. ನಿಮ್ಮನೆಯ ಊಟದ ಹೊತ್ತು ಅದರಿಂದ ಕೆಟ್ಟಿತು. ಕ್ಷಮೆ ಕೇಳುತ್ತೇನೆ.

ಅಂಜುಬುರುಕನಿಂದ ಶುರು ಮಾಡುತ್ತೇನೆ. ಉಳಿದ ಓದುಗರಿಗಾಗಿ ಎರಡು ಮಾತು: ‘ಡೀಮನ್ ಸ್ಲೇಯರ್’ ಅನಿಮೆಗೆ ಮೂಲ ಕೊಯೊಹಾರು ಗೊತೊಗೆ ಅವರ ಮಂಗಾ, ಅಂದರೆ ಜಪಾನಿ ಕಾಮಿಕ್ಸ್. 2016ರಿಂದ 2020ರವರೆಗೆ ಜಪಾನಿನ ಒಂದು ವಾರಪತ್ರಿಕೆಯಲ್ಲಿ ಬಂತು. ಪುಸ್ತಕವಾಗಿ 23 ಸಂಪುಟ. ರಾಕ್ಷಸರನ್ನು ಬೇಟೆಯಾಡುವ ಹುಡುಗರ ಕಥೆ ಅದು. ಅವರಲ್ಲೊಬ್ಬ ಝೆನಿತ್ಸು. ಹಳದಿ ಕೂದಲು. ಮಾತು ಮಾತಿಗೆ ಅಳು. ಸಾಯುತ್ತೇನೆ, ಸಾಯುತ್ತೇನೆ ಅಂತ ಚೀರುತ್ತಾನೆ. ಹೆದರಿಕೆ ಮಿತಿಮೀರಿದಾಗ ಎಚ್ಚರ ತಪ್ಪಿ ನಿದ್ದೆಗೆ ಜಾರುತ್ತಾನೆ. ಆ ನಿದ್ದೆಯಲ್ಲೇ ಕತ್ತಿ ಹಿರಿಯುತ್ತಾನೆ. ಮಿಂಚಿನ ಹಾಗೆ ಹಾಯ್ದು ರಾಕ್ಷಸನ ತಲೆ ಹಾರಿಸುತ್ತಾನೆ. ಎದ್ದ ಮೇಲೆ ಏನಾಯಿತೆಂದು ಅವನಿಗೇ ಗೊತ್ತಿರುವುದಿಲ್ಲ.

ಇಷ್ಟೇ ನೋಡಿದವರು ‘ನಿದ್ದೆಯಲ್ಲಿ ಮಾತ್ರ ಗಂಡೆದೆ’ ಅಂತ ನಕ್ಕು ಎದ್ದು ಹೋಗುತ್ತಾರೆ. ಅವರು ಪೆಟ್ಟಿಗೆಯ ದೃಶ್ಯ ನೋಡಿರುವುದಿಲ್ಲ.

ಕಥೆಯ ನಾಯಕ ತಂಜಿರೋ ಬೆನ್ನ ಮೇಲೆ ಹೊತ್ತು ತಿರುಗುವ ಮರದ ಪೆಟ್ಟಿಗೆಯಲ್ಲಿ ಅವನ ತಂಗಿ ನೆಜುಕೊ ಇದ್ದಾಳೆ. ಅವಳು ರಾಕ್ಷಸಿಯಾಗಿ ಬದಲಾದವಳು. ಝೆನಿತ್ಸುನ ಕಿವಿ ಬಹಳ ಚುರುಕು. ಒಳಗಿನ ಸಪ್ಪಳ ಕೇಳಿಯೇ ಅಲ್ಲಿರುವುದು ರಾಕ್ಷಸರ ಜಾತಿ ಅಂತ ಅವನಿಗೆ ತಿಳಿದಿದೆ. ಆದರೆ ಆ ಪೆಟ್ಟಿಗೆ ತನಗೆ ಜೀವಕ್ಕಿಂತ ದೊಡ್ಡದು ಅಂತ ತಂಜಿರೋ ಹೇಳಿ ಹೋಗಿದ್ದಾನೆ. ಹಂದಿಯ ಮುಖವಾಡದ ಇನ್ನೊಬ್ಬ ಬೇಟೆಗಾರ ಇನೊಸುಕೆ ಎರಡು ಕತ್ತಿ ಹಿಡಿದು ಅದನ್ನು ತಿವಿಯಲು ಬರುತ್ತಾನೆ. ಝೆನಿತ್ಸು ಪೆಟ್ಟಿಗೆಯನ್ನು ತಬ್ಬಿ ಅಡ್ಡ ಕೂರುತ್ತಾನೆ. ಒದೆ ತಿನ್ನುತ್ತಾನೆ. ಮುಖವೆಲ್ಲ ರಕ್ತ. ತನ್ನ ಕತ್ತಿಯನ್ನು ಹೊರಗೆ ತೆಗೆಯುವುದಿಲ್ಲ, ಪೆಟ್ಟಿಗೆಯನ್ನೂ ಬಿಡುವುದಿಲ್ಲ. ಆಗ ಅವನಿಗೆ ನಿದ್ದೆ ಬಂದಿಲ್ಲ ತಂಗಿ. ಪೂರ್ತಿ ಎಚ್ಚರ ಇದ್ದಾನೆ. ಹೆದರಿಕೆಯೂ ಪೂರ್ತಿ ಇದೆ.

ಇನ್ನೊಂದು ವಿಷಯ. ಗುಡುಗಿನ ವಿದ್ಯೆಯಲ್ಲಿ ಆರು ವರಸೆ ಇವೆ. ಅವನಿಗೆ ಹತ್ತಿದ್ದು ಮೊದಲನೆಯದೊಂದೇ. ಅವನ ಮುದಿ ಗುರು ಬೈಯುತ್ತಲೇ, ಒಂದು ಬಂದರೆ ಸಾಕು, ಅದನ್ನೇ ಮಸೆ ಅನ್ನುತ್ತಾನೆ. ನಮ್ಮ ಕಡೆ ಗರಡಿಮನೆಯಲ್ಲಿ ವಸ್ತಾದಿಗಳು ಒಂದೇ ಪಟ್ಟನ್ನು ದಿನಗಟ್ಟಲೆ ಹಾಕಿಸುತ್ತಾರಲ್ವಾ, ಹಾಗೆ.

ನಿಮ್ಮ ಗೋಳಗುಮ್ಮಟದ ಮಾತಿಗೆ ಇಲ್ಲಿ ಕಚೇರಿಯಲ್ಲಿ ಎಲ್ಲರೂ ನಕ್ಕೆವು. ಆ ಗುಮ್ಮಟದ ಒಳಸುತ್ತಿನಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆಚೆ ದಡದಲ್ಲಿ ನಿಂತವರಿಗೆ ಕೇಳುತ್ತದೆ. ಅಂಥ ಕಡೆ ಅಂಥ ಕಿವಿಯ ಹುಡುಗನನ್ನು ನಿಲ್ಲಿಸಿದ್ದೀರಿ ನೀವು! ಈ ತಮಾಷೆ ಕಟ್ಟಲು ಅವನ ಅಳು ಗೊತ್ತಿರಬೇಕು, ಅವನ ಕಿವಿ ಗೊತ್ತಿರಬೇಕು, ಗುಮ್ಮಟದ ಗುಣವೂ ಗೊತ್ತಿರಬೇಕು. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದರಲ್ಲೇ ಇದೆ. ನೀವು ನಗುವಾಗ ಆ ಪೆಟ್ಟಿಗೆ, ಆ ರಕ್ತ, ಆ ಮುದಿ ಗುರು ಎಲ್ಲ ನಿಮ್ಮ ತಲೆಯಲ್ಲಿ ಇರುತ್ತವೆ. ನಿಮ್ಮಪ್ಪ ನಕ್ಕಾಗ ಅವರಿಗೆ ಅದ್ಯಾವುದೂ ಗೊತ್ತಿರಲಿಲ್ಲ. ನಮ್ಮ ಅರ್ಧ ಪುಟದ ಬರಹ ಅದನ್ನು ತಿಳಿಸಲೂ ಇಲ್ಲ. ಸಂಕಟ ಆಗದೆ ಇರುತ್ತದಾ?

ಶಿಂಜಿಯ ವಿಷಯವೂ ಇದೇ. ‘ನಿಯಾನ್ ಜೆನೆಸಿಸ್ ಇವ್ಯಾಂಜೆಲಿಯನ್’ 1995–96ರಲ್ಲಿ ಜಪಾನಿನ ಟಿವಿಯಲ್ಲಿ ಬಂದ 26 ಕಂತಿನ ಕಥೆ, ಹಿದೆಯಾಕಿ ಅನ್ನೊ ಅವರದು. ‘ರೋಬೋ ಹತ್ತು ಶಿಂಜಿ’ ಎಂಬ ತಮಾಷೆ ಜಗತ್ತಿನ ತುಂಬ ಓಡಾಡಿದೆ. ಆದರೆ ಅವನು ಹದಿನಾಲ್ಕು ವರ್ಷದ ಹುಡುಗ. ಚಿಕ್ಕಂದಿನಲ್ಲೇ ಬಿಟ್ಟು ಹೋದ ಅಪ್ಪ ವರ್ಷಗಳ ಮೇಲೆ ಕರೆಸಿಕೊಳ್ಳುತ್ತಾನೆ. ಯಂತ್ರ ಹತ್ತಿ ಯುದ್ಧ ಮಾಡು, ಇಲ್ಲಾ ವಾಪಸು ಹೋಗು ಅನ್ನುತ್ತಾನೆ. ಶಿಂಜಿ ಮೊದಲು ಆಗೋದಿಲ್ಲ ಅಂತಲೇ ಹೇಳುತ್ತಾನೆ. ಆಗ ಅವನ ಬದಲಿಗೆ ಹತ್ತಲು ರೇ ಎಂಬ ಹುಡುಗಿಯನ್ನು ಸ್ಟ್ರೆಚರ್ ಮೇಲೆ ತರುತ್ತಾರೆ. ಮೈತುಂಬ ಪಟ್ಟಿ. ಅವಳನ್ನು ಎತ್ತಿ ಹಿಡಿದ ಇವನ ಕೈಗೆ ರಕ್ತ ಹತ್ತುತ್ತದೆ. ಆಮೇಲೆ ಅವನು ಹತ್ತಲು ಒಪ್ಪುವುದು. ಮೊದಲ ಕಂತಿನಲ್ಲೇ ಇದೆಲ್ಲ ಇದೆ. ಕಂಡಕ್ಟರ್ ಧಾಟಿಯ ನಿಮ್ಮ ಕೂಗು ನನಗೆ ಬಹಳ ಹಿಡಿಸಿತು. ಅವನನ್ನು ಹೇಡಿ ಅನ್ನುವವರ ಜೊತೆ ಮಾತ್ರ ನಾನು ಇಲ್ಲ.

ಫ್ಯಾನ್‌ಗಳ ನಗು ಎಲ್ಲಿಗೆ ಮುಟ್ಟಬಹುದು ಅನ್ನುವುದಕ್ಕೆ ಯಾಮ್ಚಾ ಇದ್ದಾನೆ. ಅಕಿರಾ ತೋರಿಯಾಮಾ ಅವರ ‘ಡ್ರ್ಯಾಗನ್ ಬಾಲ್’ನಲ್ಲಿ ಅವನು ಒಂದು ಪುಟಾಣಿ ಶತ್ರುವಿನ ಸ್ಫೋಟಕ್ಕೆ ಸಿಕ್ಕಿ ಗುಂಡಿಯಲ್ಲಿ ಮುದುರಿ ಬಿದ್ದು ಸಾಯುತ್ತಾನೆ. ಆ ಬಿದ್ದ ಭಂಗಿಯನ್ನು ಅನುಕರಿಸದ ಫ್ಯಾನ್ ಇಲ್ಲ. 2016ರ ಕೊನೆಗೆ ಜಪಾನಿನ ಮೂಲ ಪ್ರಕಾಶಕರೇ ಹೊಸ ಮಂಗಾ ಒಂದನ್ನು ಶುರು ಮಾಡಿದರು. ಅದರಲ್ಲಿ ಈಗಿನ ಕಾಲದ ಒಬ್ಬ ಫ್ಯಾನ್ ಯಾಮ್ಚಾ ಆಗಿ ಮರುಹುಟ್ಟು ಪಡೆಯುತ್ತಾನೆ. ಮುಂದೆ ಏನು ಕಾದಿದೆ ಅಂತ ಗೊತ್ತಿರುವುದರಿಂದ ಹಟ ಹಿಡಿದು ಸಾಧನೆ ಮಾಡುತ್ತಾನೆ. ಗೇಲಿಯೇ ಬೆಳೆದು ಅವನಿಗೆ ಇನ್ನೊಂದು ಜನ್ಮ ಕೊಟ್ಟಿತು.

ಇನ್ನು ಕೊಲೆಗಾರ. ಇಟಾಚಿ ಉಚಿಹಾ. ಮಸಾಶಿ ಕಿಶಿಮೊಟೊ ಅವರ ‘ನರುಟೊ’ 1999ರಿಂದ 2014ರವರೆಗೆ, 700 ಅಧ್ಯಾಯ ನಡೆಯಿತು. ಅದರಲ್ಲಿ ಇಟಾಚಿ ಒಂದೇ ರಾತ್ರಿ ತನ್ನ ಕುಲವನ್ನೆಲ್ಲ ಕೊಲ್ಲುತ್ತಾನೆ, ಹೆತ್ತವರನ್ನೂ ಬಿಡುವುದಿಲ್ಲ. ಪುಟ್ಟ ತಮ್ಮ ಸಾಸುಕೆಯೊಬ್ಬನನ್ನು ಉಳಿಸಿ, ನನ್ನನ್ನು ದ್ವೇಷಿಸಿ ಬದುಕು ಅಂತ ಹೇಳಿ ಹೋಗುತ್ತಾನೆ. ಅವನು ಸತ್ತ ಮೇಲೆ ನಿಜ ಹೊರಗೆ ಬರುತ್ತದೆ. ಕುಲದವರು ದಂಗೆಗೆ ಸಜ್ಜಾಗಿದ್ದರು. ದಂಗೆ ಎದ್ದರೆ ಊರೇ ಉರಿಯುತ್ತಿತ್ತು. ಕೊಲ್ಲು ಅಂತ ಆಜ್ಞೆ ಕೊಟ್ಟಿದ್ದು ಊರಿನ ದೊಡ್ಡವರು. ಆಗ ಇಟಾಚಿಗೆ ಹದಿಮೂರು. ತಮ್ಮನ ಜೀವ ಉಳಿಸಿಕೊಂಡು, ದ್ರೋಹಿ ಅನ್ನುವ ಹೆಸರನ್ನು ತಾನೇ ಹೊತ್ತುಕೊಂಡ.

ಇದನ್ನು ಓದಿದ ಯಾರಿಗಾದರೂ ಗಂಟಲು ಕಟ್ಟುತ್ತದೆ. ನನಗೂ ಕಟ್ಟಿತು. ಆದರೆ ಕೆಲವರು ಇಲ್ಲಿಗೇ ಪುಸ್ತಕ ಮುಚ್ಚಿ, ಇಟಾಚಿ ಮಾಡಿದ್ದೆಲ್ಲ ಸರಿ ಅಂತ ವಾದಕ್ಕೆ ಇಳಿಯುತ್ತಾರೆ. ಕಥೆ ಇನ್ನೂ ಮುಂದಿದೆ. ಮಂತ್ರವಿದ್ಯೆಯಿಂದ ಎದ್ದು ಬಂದ ಇಟಾಚಿ ತಮ್ಮನೆದುರು ನಿಂತು, ತಾನು ಸೋತೆ ಅಂತ ಒಪ್ಪಿಕೊಳ್ಳುತ್ತಾನೆ. ಮೊದಲೇ ನಿನ್ನ ಜೊತೆ ಕೂತು ನಿಜ ಹೇಳಬೇಕಿತ್ತು ಅನ್ನುತ್ತಾನೆ. ನನ್ನನ್ನು ಕ್ಷಮಿಸಬೇಕಾಗಿಲ್ಲ, ನೀನು ಏನಾದರೂ ನಾನು ನಿನ್ನನ್ನು ಪ್ರೀತಿಸುತ್ತಲೇ ಇರುತ್ತೇನೆ ಅನ್ನುತ್ತಾನೆ. ಅವನ ಪರ ನಿಲ್ಲುವವರು ಈ ತಪ್ಪೊಪ್ಪಿಗೆಯನ್ನೂ ಜೊತೆಗೆ ಒಯ್ಯಬೇಕು. ಅದನ್ನು ಬಿಟ್ಟು ಹೋದರೆ, ಅವನನ್ನು ಬರೀ ಕೊಲೆಗಾರ ಅನ್ನುವವರ ಹಾಗೆಯೇ ನಾವೂ ಅರ್ಧ ಕಥೆ ನೋಡಿದ ಹಾಗಾಗುತ್ತದೆ.

ಇಲ್ಲಿ ನನಗೆ ಮುಧೋಳದ ರನ್ನ ನೆನಪಾಗುತ್ತಾನೆ. ಬೆಳಗಾವಿಗೂ ನಿಮ್ಮ ಊರಿಗೂ ನಡುವೆ ಸಿಗುವ ಅದೇ ಮುಧೋಳ. 949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದವನು. ತನಗೆ ಆಸರೆಯಾದ ಚಾಲುಕ್ಯ ದೊರೆ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ‘ಗದಾಯುದ್ಧ’ ಬರೆದ. ಅದರ ಇನ್ನೊಂದು ಹೆಸರು ‘ಸಾಹಸಭೀಮವಿಜಯ’. ಅಂದರೆ ಹೊಗಳಬೇಕಾದದ್ದು ಭೀಮನನ್ನು ಅಂತ ಮೊದಲೇ ಗೊತ್ತು. ಆದರೂ ರನ್ನ ದುರ್ಯೋಧನನನ್ನು ಸತ್ತವರ ನಡುವೆ ನಡೆಸಿಕೊಂಡು ಹೋಗುತ್ತಾನೆ. ಗುರು ದ್ರೋಣ, ತಮ್ಮ ದುಶ್ಶಾಸನ, ಗೆಳೆಯ ಕರ್ಣ, ಒಬ್ಬೊಬ್ಬರ ಹೆಣದ ಮುಂದೆಯೂ ನಿಲ್ಲಿಸುತ್ತಾನೆ. ಅಭಿಮನ್ಯುವಿನ ಮುಂದೆ ನಿಂತ ದುರ್ಯೋಧನ, ನಿನ್ನ ಸಾಹಸದ ಒಂದು ಪಾಲಾದರೂ ಇರುವ ಸಾವು ನನಗೆ ಬರಲಿ ಅಂತ ಬೇಡಿಕೊಳ್ಳುತ್ತಾನೆ. ಶತ್ರುವಿನ ಮಗ ಅವನು. ಹಾಗಂತ ರನ್ನ ದ್ರೌಪದಿಯ ಬಿಚ್ಚಿದ ಮುಡಿಯನ್ನು ಮರೆಮಾಡಿಲ್ಲ. ಆ ಮುಡಿಯೂ ಕಾವ್ಯದಲ್ಲಿದೆ, ಈ ಕಣ್ಣೀರೂ ಇದೆ. ನಿಮ್ಮಪ್ಪ ವಕೀಲಕಿ ಅಂದರಲ್ಲ, ಅದು ಸಾವಿರ ವರ್ಷದ ಹಿಂದೆ ನಮ್ಮ ಪಕ್ಕದೂರಲ್ಲೇ ನಡೆದಿದೆ ಅಂತ ಹೇಳಿ.

ಈಗ ಅದೇ ‘ನರುಟೊ’ ಕಥೆಯ ಸಕುರಾ. ಇಲ್ಲಿ ನನಗೆ ನಿಮ್ಮ ಜೊತೆ ಜಗಳ ಇದೆ.

ಇದ್ದೂ ಇಲ್ಲದ ಹಾಗೆ ಅಂದಿರಿ. ಸಾವಿನ ಕಾಡಿನಲ್ಲಿ ಜೊತೆಗಾರರಾದ ನರುಟೊ, ಸಾಸುಕೆ ಇಬ್ಬರೂ ಎಚ್ಚರ ತಪ್ಪಿ ಬಿದ್ದಾಗ ಕಾವಲು ಕೂತವಳು ಯಾರು? ಶತ್ರು ಜುಟ್ಟು ಹಿಡಿದೆಳೆದಾಗ, ತಾನು ಅಷ್ಟು ಆಸೆಯಿಂದ ಬೆಳೆಸಿದ ಕೂದಲನ್ನು ತಾನೇ ಕತ್ತರಿಸಿ ಬಿಡಿಸಿಕೊಂಡವಳು ಯಾರು? ಆಮೇಲೆ ತ್ಸುನಾದೆ ಹತ್ತಿರ ವೈದ್ಯ ಕಲಿತಳು. ಚಿಯೊ ಅಜ್ಜಿಯ ಜೊತೆ ಸೇರಿ ಶತ್ರು ಸಸೋರಿಯನ್ನು ಸೋಲಿಸಿದಳು. ಲೇಖಕರು ಅವಳಿಗೆ ಕೊಟ್ಟ ಜಾಗ ಕಡಿಮೆ, ಅದು ನಿಜ. ಅದಕ್ಕೆ ಅವಳನ್ನೇಕೆ ಬೈಯಬೇಕು? ಹುಡುಗ ಅತ್ತರೆ ಅವನ ಹಿಂದೆ ದೊಡ್ಡ ನೋವಿದೆ ಅಂತೀವಿ. ಹುಡುಗಿ ಅತ್ತರೆ ಕಿರಿಕಿರಿ ಅಂತೀವಿ. ಇದು ನನಗೆ ಸಿಟ್ಟು ತರಿಸುವ ವಿಷಯ.

‘ಅಟ್ಯಾಕ್ ಆನ್ ಟೈಟನ್’ ಎಂಬ ಇನ್ನೊಂದು ಅನಿಮೆಯಲ್ಲಿ ಇದು ಇನ್ನೂ ಜಾಸ್ತಿ. ರೈನರ್ ಎಂಬುವನು ಜನರನ್ನು ಕಾಯುವ ಗೋಡೆ ಒಡೆದ, ಊರಿಗೆ ಊರೇ ಸತ್ತಿತು. ಅವನ ಸಂಕಟಕ್ಕೆ ಫ್ಯಾನ್‌ಗಳು ಕರಗುತ್ತಾರೆ, ಕರಗಬೇಕು ಕೂಡ. ಅವನ ಹತ್ತಿರದ ಸಂಬಂಧಿ ಹುಡುಗಿ ಗಾಬಿ. ಗೋಡೆಯ ಒಳಗಿನವರೆಲ್ಲ ಪಿಶಾಚಿಗಳು ಎಂಬ, ಅವನು ಕಲಿತ ಸುಳ್ಳನ್ನೇ ಕಲಿತು ಬೆಳೆದ ಮಗು. ಅವಳು ಎದುರು ಪಾಳಯದ ಸೈನಿಕಿ ಸಾಶಾಳನ್ನು ಗುಂಡಿಟ್ಟು ಕೊಂದಳು ಅಂತ ಅವಳ ಹೆಸರೆತ್ತಿದರೂ ಉಗಿಯುವವರಿದ್ದಾರೆ. ಸಾಶಾಳ ಅಪ್ಪನ ಎದುರಿಗೇ ಆ ಮಗು ಸಿಕ್ಕಿಬಿದ್ದಿತ್ತು. ಅವನು ಅವಳನ್ನು ಕೊಲ್ಲಲಿಲ್ಲ. ನಾವು ಅವನಿಗಿಂತ ಹೆಚ್ಚು ಸಿಟ್ಟಾಗುವುದು ಸರೀನಾ?

ಕೊನೆಗೆ ನಿಮ್ಮಪ್ಪನವರ ಮಾತು. ಅವರು ನನ್ನ ಓರಗೆಯವರಿದ್ದರೆ ಅವರೂ ಅನಿಮೆ ನೋಡಿಯೇ ಬೆಳೆದಿದ್ದಾರೆ. 1993ರಲ್ಲಿ ದೂರದರ್ಶನದಲ್ಲಿ ಭಾನುವಾರ ಬರುತ್ತಿದ್ದ ಮೋಗ್ಲಿಗಾಗಿ ನಾವು ಓಣಿಯ ಮಕ್ಕಳೆಲ್ಲ ಒಂದೇ ಮನೆಯಲ್ಲಿ ಸೇರುತ್ತಿದ್ದೆವು. ಅದು ಜಪಾನಿನ ನಿಪ್ಪಾನ್ ಅನಿಮೇಷನ್ 1989ರಲ್ಲಿ ಮಾಡಿದ್ದು. ಇದನ್ನು ಅವರಿಗೆ ಹೇಳಿ. ಇಟಾಚಿಯನ್ನು ಈಗಲೇ ತೋರಿಸಬೇಡಿ. ಆ ಕಥೆಗೆ ಬಹಳ ದಿನ ಬೇಕು. ‘ಡೋರೆಮಾನ್’ ಕಥೆಯ ನೊಬಿತಾನಿಂದ ಶುರು ಮಾಡಿ. ನೀವು ಚಿಕ್ಕವರಿದ್ದಾಗ ಹಿಂದಿಯಲ್ಲಿ ನೋಡುತ್ತಿದ್ದ ಡೋರೆಮಾನ್ ಅವರ ಕಿವಿಗೂ ಬಿದ್ದಿರುತ್ತದೆ. ಪರೀಕ್ಷೆಯಲ್ಲಿ ಸೊನ್ನೆ ತರುವ, ಓಟದಲ್ಲಿ ಹಿಂದೆ ಬೀಳುವ ಹುಡುಗ ಅವನು. ಎಲ್ಲರೂ ನಗುವುದು ಅವನನ್ನು ನೋಡಿಯೇ.

ಅವನ ಮದುವೆಯ ಹಿಂದಿನ ರಾತ್ರಿಯ ಕಥೆ ಒಂದಿದೆ. 2014ರ ‘ಸ್ಟ್ಯಾಂಡ್ ಬೈ ಮಿ ಡೋರೆಮಾನ್’ ಸಿನಿಮಾದಲ್ಲೂ ಆ ದೃಶ್ಯ ಬರುತ್ತದೆ. ನಿಮ್ಮನ್ನು ಬಿಟ್ಟು ಹೋಗಲಾರೆ, ಈ ಮದುವೆ ಬೇಡ ಅಂತ ಶಿಜುಕಾ ಅಪ್ಪನೆದುರು ಅಳುತ್ತಾಳೆ. ಅಪ್ಪ ಅವಳಿಗೆ ಹೇಳುತ್ತಾನೆ: ನೊಬಿತಾನನ್ನು ಆರಿಸಿಕೊಂಡಿದ್ದು ಸರಿ, ಬೇರೆಯವರ ಸುಖವನ್ನು ಬಯಸುವವನು ಅವನು, ಬೇರೆಯವರ ದುಃಖಕ್ಕೆ ಮರುಗುವವನು.

ಊಟವಾದ ಮೇಲೆ ಹಾಕಿ. ವಾದ ಏನೂ ಮಾಡಬೇಡಿ, ಅಪ್ಪನ ಪಕ್ಕ ಸುಮ್ನೆ ಕೂತಿರಿ.

ಆಮೇಲೆ ನೀವೂ ನಿಮ್ಮ ಗೆಳತಿಯರೂ ಸೇರಿ ನನಗೊಂದು ಬರಹ ಕಳಿಸಿ. ಆ ಅರ್ಧ ಪುಟದ ಜಾಗವನ್ನು ಮುಂದಿನ ಸಂಚಿಕೆಯಲ್ಲಿ ನಿಮಗೆ ಇಟ್ಟಿದ್ದೇನೆ. ಯಾರ ಪರ ಬೇಕಾದರೂ ಬರೆಯಿರಿ, ಯಾರನ್ನು ಬೇಕಾದರೂ ಬೈಯಿರಿ. ಪಾತ್ರದ ಹೆಸರು ಮಾತ್ರ ಇರಲಿ. ಸಕುರಾಳನ್ನೇ ಬೈಯುವುದಾದರೆ, ಅವಳು ಕೂದಲು ಕತ್ತರಿಸಿಕೊಳ್ಳುವ ಆ ಅಧ್ಯಾಯವನ್ನು ಇನ್ನೊಮ್ಮೆ ನೋಡಿ ಬರೆಯಿರಿ.

ನಿಮ್ಮ ಅಕ್ಕ,
ಸಂಪಾದಕಿ, ಬೆಳಗಾವಿ