ಮಳೆಗಾಲದಲ್ಲಿ ವಾಕಿಂಗ್ ನಿಂತುಹೋಗುತ್ತೆ ಅಂದವರಿಗೆ
ಮಡಿಕೇರಿಯಲ್ಲಿ ಮಳೆ ಹಿಡಿದ ಕೂಡಲೇ ವಾಕಿಂಗ್ ನಿಂತುಹೋಗುತ್ತೆ, ಗುಂಪಿನ ಚಾಲೆಂಜ್‌ಗೆ ಸೇರಿದರೆ ಉಪಯೋಗ ಇದೆಯಾ ಅಂತ ಕೇಳಿದ್ದೀರಿ. ನನಗಂತೂ ಆಗಿದೆ. ಆದರೆ ನೂರು ಜನರ ಗುಂಪು ಬೇಡ, ಅಲ್ಲಿ ನೀವು ಚಕ್ಕರ್ ಹೊಡೆದರೂ ಯಾರಿಗೂ ಗೊತ್ತಾಗಲ್ಲ. ನಾವು ಐದೇ ಜನ. ಬೆಳಿಗ್ಗೆ ಆರಕ್ಕೆ ರಾಜಾಸೀಟ್ ಹತ್ತಿರ ಒಬ್ಬರು ಛತ್ರಿ ಹಿಡಿದು ಕಾಯ್ತಿದ್ದಾರೆ ಅಂದ್ರೆ ಕಂಬಳಿ ಹೊದ್ದು ಮಲಗೋಕೆ ಮನಸ್ಸು ಒಪ್ಪಲ್ಲ. ಹೆಜ್ಜೆ ಎಣಿಸೋ ಪೈಪೋಟಿಯೂ ಬೇಡ, ದಿನವಿಡೀ ಕಾಫಿ ತೋಟ ಸುತ್ತುವವರೇ ಗೆಲ್ತಾರೆ! ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಹಾಗೆ ವಾರಕ್ಕೆ 150 ನಿಮಿಷ ಚುರುಕು ನಡಿಗೆ ಸಾಕು. ಜೋರು ಮಳೆಯ ದಿನ ಜಗಲಿಯಲ್ಲೇ ಬಸ್ಕಿ ಹೊಡೆದು ವಾಟ್ಸಾಪ್‌ಗೆ ಹಾಕಿದರೂ ಲೆಕ್ಕಕ್ಕಿದೆ. ಮಳೆ ಬಿಟ್ಟ ಮೇಲೆ 1,748 ಮೀಟರ್ ಎತ್ತರದ ತಡಿಯಂಡಮೋಳ್ ಹತ್ತೋಕೆ ಈಗಲೇ ದಿನ ಗೊತ್ತುಮಾಡಿ. ಉಪ್ಪಿನ ಪೊಟ್ಟಣ ಜೇಬಲ್ಲಿರಲಿ, ಜಿಗಣೆ ಕಾಟ.