ಮಗಳ ಬಿಪಿಗೆ ಟೆನ್ಶನ್ ಕಾರಣವೇ?

ಕಾಪುವಿನಿಂದ ತಾಯಿಯೊಬ್ಬರು ಬರೆದಿದ್ದಾರೆ: "ಬಸುರಿ ಮಗಳಿಗೆ ಈಗ ಎಂಟು ತಿಂಗಳು. ಬಿಪಿ 150/96, ಮೂತ್ರದಲ್ಲಿ ಪ್ರೋಟೀನ್ ಇದೆ. ಮಂಗಳೂರಿನ ಆಸ್ಪತ್ರೆಯಲ್ಲಿ ಒಪ್ಪಿಗೆಗೆ ಸಹಿ ಹಾಕಿಸಿಕೊಂಡು, ಎದೆಗೆ ವಯರ್ ಅಂಟಿಸಿ, ಉಸಿರು ಎಳೆಸಿ ಏನೋ ನರದ ಪರೀಕ್ಷೆ ಮಾಡಿದರು. ಸಂಶೋಧನೆಗಂತೆ. ಅವಳು ಟೆನ್ಶನ್ ಮಾಡಿಕೊಂಡದ್ದೇ ಕಾರಣ ಎನ್ನುತ್ತಾರೆ ಗಂಡನ ಮನೆಯವರು. ಹೌದಾ?"

ಅಲ್ಲಮ್ಮ. ಆ ಮಾತು ಮಗಳ ಕಿವಿಗೆ ಬೀಳದ ಹಾಗೆ ನೋಡಿಕೊಳ್ಳಿ. ಅವಳಿಗಿರುವುದು ಪ್ರಿಎಕ್ಲಾಂಪ್ಸಿಯಾ. 20 ವಾರ ದಾಟಿದ ಮೇಲೆ ಬಿಪಿ 140/90 ಮುಟ್ಟಿ, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಹೋಗುವುದೋ ಕಿಡ್ನಿ, ಲಿವರ್ ತೊಂದರೆಯೋ ಕಂಡರೆ ಹೀಗೆನ್ನುತ್ತಾರೆ. ಇದರ ಬೇರು ಇರುವುದು ಮಾಸಿನಲ್ಲಿ (ಪ್ಲಾಸೆಂಟಾ). ಅದಕ್ಕೆ ರಕ್ತ ಒಯ್ಯುವ ಗರ್ಭಕೋಶದ ನಾಳಗಳು ಸಾಕಷ್ಟು ಅಗಲವಾಗಿರುವುದಿಲ್ಲ. ರಕ್ತ ಸಾಲದ ಮಾಸು ಬಿಡುವ ಕೆಲವು ಪದಾರ್ಥಗಳು ತಾಯಿಯ ಮೈತುಂಬ ನಾಳಗಳ ಒಳಪದರವನ್ನು ಕೆಡಿಸುತ್ತವೆ.

ಇನ್ನು ನರಗಳು. ನಮ್ಮನ್ನು ಕೇಳದೆಯೇ ಎದೆಬಡಿತ, ಬಿಪಿ ನೋಡಿಕೊಳ್ಳುವ ನರಗಳಿವೆ. ಒಂದು ಗುಂಪು ನಾಳಗಳನ್ನು ಬಿಗಿಸುತ್ತದೆ, ಬಡಿತ ಏರಿಸುತ್ತದೆ. ಇನ್ನೊಂದು ಬಡಿತವನ್ನು ಇಳಿಸುತ್ತದೆ. 1996ರಲ್ಲಿ ಜರ್ಮನಿಯ ವೈದ್ಯರು ಇಂಥ ಬಸುರಿಯರ ಕಾಲಿನ ನರಕ್ಕೆ ಅತಿ ಸಣ್ಣ ಸೂಜಿ ಹಾಕಿ ಅಳೆದರು. ಬಿಗಿಸುವ ನರಗಳು ಬೇರೆ ಬಸುರಿಯರಿಗಿಂತ ಬಹಳ ಜಾಸ್ತಿ ಕೆಲಸ ಮಾಡುತ್ತಿದ್ದವು. ತೋಟದ ಪೈಪನ್ನು ಬೆರಳಿಂದ ಅದುಮಿದ ಹಾಗೆ, ನಾಳ ಕಿರಿದಾದಷ್ಟೂ ಒತ್ತಡ ಜಾಸ್ತಿ. ಹೆರಿಗೆಯಾದ ಮೇಲೆ ಆ ನರಗಳೂ ಮೊದಲಿನಂತಾದವು. ಬರೀ ಯೋಚನೆಯಿಂದ ಬಂದಿದ್ದರೆ, ಮಗು ಹುಟ್ಟಿದ ಕೂಡಲೇ ಯಾವ ತಾಯಿಯ ಯೋಚನೆ ಮುಗಿಯುತ್ತದೆ ಹೇಳಿ!

ಮಗಳಿಗೆ ಮಾಡಿದ್ದು ಸೂಜಿಯಿಲ್ಲದ ಪರೀಕ್ಷೆ. 5 ಸೆಕೆಂಡು ಉಸಿರು ಒಳಗೆ, 5 ಸೆಕೆಂಡು ಹೊರಗೆ, ನಿಮಿಷಕ್ಕೆ 6 ಸಲ. ಎಳೆದಾಗ ಎದೆಬಡಿತ ಜೋರಾಗಬೇಕು, ಬಿಟ್ಟಾಗ ನಿಧಾನವಾಗಬೇಕು. ಆ ಏರಿಳಿತ ಕಡಿಮೆಯಿದ್ದರೆ ಇಳಿಸುವ ನರದ ಹಿಡಿತ ಸಡಿಲವಾಗಿದೆ ಎಂದು ಲೆಕ್ಕ. ಆದರೆ ಆರೋಗ್ಯವಾಗಿರುವ ಬಸುರಿಯಲ್ಲೂ ಕೊನೆಯ ತಿಂಗಳುಗಳಲ್ಲಿ ಅದು ಸ್ವಲ್ಪ ಕಡಿಮೆಯಾಗುತ್ತದೆ. ಹಾಗಾಗಿ ಆ ರಿಪೋರ್ಟ್ ಹಿಡಿದು ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.

ನೀವು ನೋಡಬೇಕಾದ್ದು ತಾಯಿ ಕಾರ್ಡಿನಲ್ಲಿ ಬರೆದ ಬಿಪಿಯನ್ನು. ಲ್ಯಾಬೆಟಲಾಲ್, ನಿಫೆಡಿಪಿನ್‌ನಂಥ ಮಾತ್ರೆ ಕೊಟ್ಟಿದ್ದರೆ ತಪ್ಪಿಸಬೇಡಿ. ಉಪ್ಪಿನಕಾಯಿ, ಒಣಮೀನು ಬಿಟ್ಟರೆ ಸಾಕು ಎನ್ನುವವರ ಮಾತಿಗೆ ಹೂಂ ಅಂದು ಸುಮ್ಮನಾಗಿ, ಮಾತ್ರೆ ಮಾತ್ರ ನಿಲ್ಲಿಸಬೇಡಿ. ವಿಪರೀತ ತಲೆನೋವು, ಕಣ್ಣು ಮಂಜು, ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಬಂದರೆ, 160/110 ಮುಟ್ಟಿದರೆ, ರಾತ್ರಿಯಾದರೂ ಹೊರಡಿ. ಫಿಟ್ಸ್ ಬಾರದಂತೆ ಮೆಗ್ನೀಸಿಯಂ ಇಂಜೆಕ್ಷನ್ ಆಸ್ಪತ್ರೆಯಲ್ಲೇ ಆಗಬೇಕು. ಹೆರಿಗೆಯಾದ ಮೇಲೂ ಫಿಟ್ಸ್ ಬರಬಹುದು. ಬಾಣಂತನಕ್ಕೆ ಮನೆಗೆ ಕರೆತಂದ ಮೇಲೂ ಆರು ವಾರ ಬಿಪಿ ನೋಡಿಸುತ್ತಿರಿ.

-ಸಂ.